ಯಜಮಾನಿಕೆಯೋ, ಬಿಸ್ಕತ್ತೋ? ನಾಯಿಗೆ ಟ್ರೈನರನ್ನು ಆರಿಸುವ ಮುನ್ನ

ನಾಯಿ ಸಾಕಿದವರು ಈಚೆಗೆ ನನ್ನನ್ನು ಹೆಚ್ಚಾಗಿ ಕೇಳುತ್ತಿರುವುದು ಊಟದ ಬಗ್ಗೆಯಾಗಲಿ ಲಸಿಕೆಯ ಬಗ್ಗೆಯಾಗಲಿ ಅಲ್ಲ, ಯಾವ ಟ್ರೈನರನ್ನು ಕರೆಸಬೇಕು ಎಂಬುದನ್ನು. ವಿಜಯನಗರದಲ್ಲಿ ಬೀದಿಯ ಮರಿಯೊಂದನ್ನು ಮನೆಗೆ ತಂದುಕೊಂಡಿರುವ ನಿವೃತ್ತ ದಂಪತಿ, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ ಜರ್ಮನ್ ಷೆಫರ್ಡ್ ಸಾಕಿ, ಅದು ಲಿಫ್ಟಿನಲ್ಲಿ ಯಾರನ್ನು ಕಂಡರೂ ಬೊಗಳುತ್ತದೆಂದು ಅಸೋಸಿಯೇಷನ್ನಿನಿಂದ ಪತ್ರ ಪಡೆದಿರುವ ಗೆಳೆಯ, ಹತ್ತು ತಿಂಗಳ ಲ್ಯಾಬ್ (ಲ್ಯಾಬ್ರಡಾರ್ ನಾಯಿ) ಯಲಹಂಕದ ರಸ್ತೆಯುದ್ದಕ್ಕೂ ತನ್ನನ್ನು ಎಳೆದುಕೊಂಡು ಹೋಗುತ್ತದೆಂದು ದೂರುವ ನನ್ನ ತಂಗಿ, ಈ ಮೂವರೂ ಹಲವು ಕಡೆ ವಿಚಾರಿಸಿ, ಒಂದಕ್ಕೊಂದು ಹೊಂದದ ಸಲಹೆಗಳನ್ನು ಕಟ್ಟಿಕೊಂಡು ಬಂದಿದ್ದರು. ಒಬ್ಬ ಟ್ರೈನರು ‘ನಿಮ್ಮ ನಾಯಿ ಆಲ್ಫಾ, ಅಂದರೆ ಮನೆಗೇ ಯಜಮಾನ, ಆಗಲು ಹವಣಿಸುತ್ತಿದೆ, ಮೊದಲು ಅದರ ಸೊಕ್ಕು ಮುರಿಯಬೇಕು’ ಎಂದರೆ, ಇನ್ನೊಬ್ಬರು ಬೆಲ್ಟಿನ ಜೊತೆಗೆ ಬಿಸ್ಕತ್ತೂ ಬೇಕೆಂದರು. ಮೂರನೆಯವರು ಏಟೇ ಬೇಡವೆಂದರು. ನಾಲ್ಕನೆಯವರು ಒಂದು ತಿಂಗಳು ನಮ್ಮಲ್ಲಿ ಬಿಟ್ಟುಹೋಗಿ, ಸಿದ್ಧಮಾಡಿ ಕೊಡುತ್ತೇವೆ ಎಂದರು.

ನಮ್ಮಲ್ಲಿ ಯಾರು ಬೇಕಾದರೂ ನಾಯಿ ತರಬೇತುದಾರರೆಂದು ಬೋರ್ಡು ಹಾಕಿಕೊಳ್ಳಬಹುದಾದ್ದರಿಂದ, ಅಳೆದು ನೋಡುವ ಕೆಲಸ ಸಾಕಿದವರ ಮೇಲೆಯೇ ಬೀಳುತ್ತದೆ. ಅಳತೆಗೋಲು ಯಾವುದೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲನೆಯದು, ನಾಯಿ ಹೀಗೇಕೆ ಮಾಡುತ್ತಿದೆ ಎಂಬ ಪ್ರಶ್ನೆಗೆ ಆ ಪದ್ಧತಿ ಕೊಡುವ ಉತ್ತರ: ಎಲ್ಲ ನಾಯಿಗಳಿಗೂ ಒಂದೇ ಉತ್ತರವೋ, ಅಥವಾ ಈ ನಾಯಿಯನ್ನು ನೋಡಿ ಹುಡುಕಿದ ಉತ್ತರವೋ. ಎರಡನೆಯದು, ಆ ಉತ್ತರ ತಪ್ಪಾಗಿದ್ದ ಪಕ್ಷದಲ್ಲಿ ಆಗುವ ನಷ್ಟ. ಟ್ರೈನರುಗಳೆಲ್ಲ ತಮ್ಮ ಪದ್ಧತಿ ಫಲಿಸಿದ ಕಥೆಗಳನ್ನೇ ಹೇಳುವುದರಿಂದ ಇದನ್ನು ಕೇಳುವವರು ಕಡಿಮೆ, ಆದರೆ ನನ್ನ ಲೆಕ್ಕದಲ್ಲಿ ಇದಕ್ಕೇ ಹೆಚ್ಚು ತೂಕ. ಮೂರನೆಯದು, ಮನೆಯಲ್ಲಿರುವ ಎಲ್ಲರಿಂದಲೂ ಅದನ್ನು ಮಾಡಲಾಗುತ್ತದೆಯೇ ಎಂಬುದು. ಟ್ರೈನರು ವಾರಕ್ಕೆರಡು ಗಂಟೆ ಬಂದು ಹೋಗುತ್ತಾರೆ, ಉಳಿದ ಹೊತ್ತಿನಲ್ಲಿ ನಾಯಿಯ ಜೊತೆಗಿರುವವರು ಅಜ್ಜಿ, ಶಾಲೆಯ ಮಗು, ಕೆಲಸಕ್ಕೆ ಬರುವವರು. ಖರ್ಚು ಮತ್ತು ಸಮಯ ಇವುಗಳ ನಂತರದ ಮಾತು, ಏಕೆಂದರೆ ಅಗ್ಗದ ತಪ್ಪು ಉತ್ತರಕ್ಕೆ ಕೊನೆಗೆ ಎರಡು ಪಟ್ಟು ತೆರಬೇಕಾಗುತ್ತದೆ.

ಆಲ್ಫಾ ಎಂಬ ಮಾತು ಬಂದದ್ದೆಲ್ಲಿಂದ

ನಾಯಿ ಮನೆಯೊಳಗೆ ಪಟ್ಟಕ್ಕಾಗಿ ಪೈಪೋಟಿ ನಡೆಸುತ್ತದೆ, ಆದ್ದರಿಂದ ಮನುಷ್ಯ ಮೊದಲೇ ಪಟ್ಟ ಏರಿ ಕೂರಬೇಕು ಎಂಬುದು ಪ್ರಾಬಲ್ಯ ಸಿದ್ಧಾಂತದ ಸಾರಾಂಶ. ಇದರ ಬೇರು ಇರುವುದು ನಾಯಿಗಳ ಅಧ್ಯಯನದಲ್ಲಲ್ಲ, ತೋಳಗಳ ಅಧ್ಯಯನದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಸೆರೆಯಿಟ್ಟಿದ್ದ ತೋಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಪ್ರಕಟಿಸಿದ ಬರಹದಲ್ಲಿ, ಗುಂಪಿನ ಮೇಲ್ಸ್ಥಾನಕ್ಕಾಗಿ ಅವು ನಡೆಸುವ ಕಾದಾಟದ ವರ್ಣನೆ ಇತ್ತು. ಅಲ್ಲಿ ಹತ್ತರವರೆಗೂ ತೋಳಗಳಿದ್ದ ಆವರಣ ಸುಮಾರು 10 ಮೀಟರ್ ಅಗಲ, 20 ಮೀಟರ್ ಉದ್ದದ್ದು. ಅಂದರೆ ನಮ್ಮ ಬಡಾವಣೆಗಳ 40x60 ಸೈಟಿಗಿಂತಲೂ ಕಿರಿದು. ಬೇರೆ ಬೇರೆ ಕಡೆಯಿಂದ ತಂದ ಹತ್ತು ಅಪರಿಚಿತರನ್ನು ಬಾಗಿಲಿಲ್ಲದ ಒಂದು ಸೈಟಿನೊಳಗೆ ಕೂಡಿಹಾಕಿ, ಅವರ ಜಗಳವನ್ನು ಬರೆದುಕೊಂಡು, ಕುಟುಂಬವೆಂದರೆ ಇದೇ ಎಂದು ತೀರ್ಮಾನಿಸಿದರೆ ಹೇಗಿದ್ದೀತೋ ಹಾಗೆ.

ಈ ಕಲ್ಪನೆಯನ್ನು ಜನರ ನಡುವೆ ಹರಡಿದ್ದು ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ ಅವರ 1970ರ ಪುಸ್ತಕ. ಅದನ್ನು ತಿದ್ದಲು ಹೊರಟವರೂ ಅವರೇ. 1986ರಿಂದ ಹಲವು ಬೇಸಿಗೆಗಳನ್ನು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ, ಮನುಷ್ಯರಿಗೆ ಹೆದರದ ಕಾಡುತೋಳಗಳ ಹತ್ತಿರವೇ ಕಳೆದ ಅವರಿಗೆ ಕಂಡದ್ದು ಪಟ್ಟದ ಕಾದಾಟವಲ್ಲ, ಸಂಸಾರ. ಗುಂಪೆಂದರೆ ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು, ಅವುಗಳ ಒಂದೆರಡು ವರ್ಷದ ಮರಿಗಳು. ಮರಿಗಳು ಬೆಳೆದ ಮೇಲೆ ತಾಯಿತಂದೆಯರನ್ನು ಉರುಳಿಸುವುದಿಲ್ಲ, ಬೇರೆ ನೆಲ ಹುಡುಕಿಕೊಂಡು ಹೊರಟುಹೋಗುತ್ತವೆ. ಇದನ್ನು ಅವರು 1999ರಲ್ಲಿ ಪ್ರಕಟಿಸಿದರು, ತಮ್ಮ ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನು ವರ್ಷಗಟ್ಟಲೆ ಕೇಳಿಕೊಂಡರು. ಅಚ್ಚು ನಿಂತದ್ದು 2022ರಲ್ಲಿ. ಅಷ್ಟರಲ್ಲಿ ಆ ಮಾತು ದೂರದರ್ಶನದ ಕಾರ್ಯಕ್ರಮಗಳ ಮೂಲಕ ನಮ್ಮ ಕೋರಮಂಗಲ, ಜಯನಗರಗಳ ಮನೆಗಳೊಳಕ್ಕೂ ಬಂದು ಕೂತಿತ್ತು.

ಇಷ್ಟಕ್ಕೇ ಪ್ರಾಬಲ್ಯ ಎಂಬುದೇ ಸುಳ್ಳು ಎನ್ನಲಾಗದು. ಒಂದು ವಸ್ತುವಿಗಾಗಿ ಎರಡು ಪ್ರಾಣಿಗಳು ಎದುರಾದಾಗ ಯಾವುದು ಬಿಟ್ಟುಕೊಡುತ್ತದೆ ಎಂಬ ಸಂಬಂಧವನ್ನು ಹೇಳಲು ವಿಜ್ಞಾನಿಗಳು ಆ ಪದವನ್ನು ಇಂದಿಗೂ ಬಳಸುತ್ತಾರೆ, ಕೆಲವು ಬೀದಿನಾಯಿಗಳ ಗುಂಪಿನಲ್ಲಿ ಅಂಥ ಮೇಲುಕೀಳಿನ ಸಾಲನ್ನು ಕಂಡವರೂ ಇದ್ದಾರೆ. ತೊಡಕು ಬರುವುದು, ಎರಡು ನಾಯಿಗಳ ನಡುವಿನ ಆ ಸಂಬಂಧವನ್ನು ಒಂದು ನಾಯಿಯ ಹುಟ್ಟುಗುಣವೆಂದು ತಿಳಿದು, ಅದನ್ನು ಮನುಷ್ಯರ ಮೇಲೂ ಹೊರಿಸಿದಾಗ. ಅನ್ನ, ನೀರು, ಬಾಗಿಲು, ಬೀಗ ಎಲ್ಲವೂ ನಮ್ಮ ಕೈಯಲ್ಲಿರುವಾಗ ನಾಯಿ ಯಾವ ಸಿಂಹಾಸನಕ್ಕಾಗಿ ಹೋರಾಡಬೇಕು? ಸೋಫಾ ಮೆತ್ತಗಿದೆ ಎಂಬ ಒಂದೇ ಕಾರಣಕ್ಕೆ ಅದು ಸೋಫಾ ಏರುತ್ತದೆ.

ಮೊದಲ ಆಯ್ಕೆ: ‘ಯಜಮಾನ ನೀವಾಗಬೇಕು’ ಎನ್ನುವವರು

ಇವರ ದರ ಸಾಮಾನ್ಯವಾಗಿ ಕಡಿಮೆ, ಫಲ ಬೇಗ ಕಾಣುತ್ತದೆ, ಮಾತಿನಲ್ಲಿ ಭರವಸೆಯಿರುತ್ತದೆ. ಈ ಮೂರನ್ನೂ ಅಲ್ಲಗಳೆಯುವುದಿಲ್ಲ. ಇವರ ನಿಯಮಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ನಾಯಿಗಿಂತ ಮೊದಲು ನೀವು ಉಣ್ಣಬೇಕು, ಬಾಗಿಲನ್ನು ನೀವೇ ಮೊದಲು ದಾಟಬೇಕು, ಗುರುಗುಟ್ಟಿದರೆ ಅಂಗಾತ ಮಲಗಿಸಿ ಕುತ್ತಿಗೆ ಒತ್ತಿ ಹಿಡಿಯಬೇಕು. ಊಟದ ನಿಯಮ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಉಣ್ಣುವ ಮೊದಲು ಕಾಗೆಗೊಂದು, ನಾಯಿಗೊಂದು ತುತ್ತು ತೆಗೆದಿಡುತ್ತಿದ್ದ ನಮ್ಮ ಅಜ್ಜಿಯಂಥವರು ಈ ಲೆಕ್ಕದಲ್ಲಿ ಜೀವನವಿಡೀ ಕಾಗೆಗಳ ಕೈಕೆಳಗೆ ಬಾಳಿದವರಾಗಬೇಕು. ಬಾಗಿಲು, ಊಟದ ನಿಯಮಗಳಿಂದ ದೊಡ್ಡ ಹಾನಿಯೇನೂ ಆಗದು. ಹಾನಿ ಇರುವುದು ಮೂರನೆಯದರಲ್ಲಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯ ಕರಿಯ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಿಂದ ಬಂದವನು, ಮೂರನೆಯ ವರ್ಷದಲ್ಲಿ ಇದ್ದಕ್ಕಿದ್ದಂತೆ ಊಟದ ಬಟ್ಟಲಿನ ಬಳಿ ಯಾರು ಬಂದರೂ ಗುರುಗುಟ್ಟತೊಡಗಿದ. ಆಗ ಕರೆಸಿದ ಟ್ರೈನರು ಅವನನ್ನು ಒಂದು ನಿಮಿಷ ನೋಡಿ, ಇದು ಆಲ್ಫಾ ಆಗುವ ಲಕ್ಷಣವೆಂದು ಹೇಳಿ, ಬಟ್ಟಲಿಗೆ ಕೈ ಹಾಕಿ, ಗುರುಗುಟ್ಟಿದೊಡನೆ ಕೆಡವಿ ಹಿಡಿದು ತೋರಿಸಿದರು. ನಾಲ್ಕು ದಿನ ನಾವೂ ಹಾಗೆಯೇ ಮಾಡಿದೆವು. ಗುರುಗುಟ್ಟುವುದು ನಿಂತಿತು, ಹಣ ಕೊಟ್ಟು ಕಳುಹಿಸಿದೆವು. ಎರಡು ತಿಂಗಳ ಮೇಲೆ ಬಟ್ಟಲಿನ ಪಕ್ಕ ಬಿದ್ದಿದ್ದ ದಿನಪತ್ರಿಕೆಯನ್ನು ಎತ್ತಿಕೊಳ್ಳಲು ಅಪ್ಪ ಬಗ್ಗಿದಾಗ ಕರಿಯ ಸದ್ದಿಲ್ಲದೆ ಮುಂಗೈ ಕಚ್ಚಿದ. ಅಪ್ಪನಿಗೆ ಹೊಲಿಗೆ, ರೇಬೀಸ್ ಚುಚ್ಚುಮದ್ದು ಎಲ್ಲ ಮುಗಿದ ಬಳಿಕ, ಪಶುವೈದ್ಯರು ಕರಿಯನ ಬಾಯಿ ತೆರೆದು ನೋಡಿದರು; ಹಿಂದಿನ ದವಡೆಹಲ್ಲೊಂದು ಸೀಳಿ, ಬುಡದಲ್ಲಿ ಕೀವು ತುಂಬಿತ್ತು. ತಿನ್ನುವಾಗಲೆಲ್ಲ ಅವನಿಗೆ ನೋವಾಗುತ್ತಿತ್ತು, ಹತ್ತಿರ ಬರಬೇಡಿ ಎಂದು ತನಗೆ ತಿಳಿದ ಭಾಷೆಯಲ್ಲಿ ಹೇಳುತ್ತಿದ್ದ. ನಾವು ಆ ಭಾಷೆಯನ್ನು ಮರೆಸಿದ್ದೆವು, ಹಲ್ಲನ್ನು ಹಾಗೆಯೇ ಬಿಟ್ಟಿದ್ದೆವು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆ ಪೂರ್ತಿ ನಿಜವಲ್ಲದಿರಬಹುದು, ಆದರೆ ಬೊಗಳುವ ನಾಯಿ ನಿಮಗೆ ಹಿಂದೆ ಸರಿಯಲು ಹೊತ್ತು ಕೊಡುತ್ತದೆ ಎಂಬುದಂತೂ ನಿಜ.

ಮೇಲಿನ ಮೊದಲ ಎರಡು ಅಳತೆಗಳಲ್ಲಿ ಈ ಪದ್ಧತಿ ಸೋಲುವುದು ಇಲ್ಲಿಯೇ. ಮೂತ್ರಕೋಶದ ಸೋಂಕಿನಿಂದ ಮನೆಯೊಳಗೆ ಒದ್ದೆ ಮಾಡಿದರೂ, ಕಿವಿಯ ಹುಣ್ಣಿನಿಂದ ತಲೆ ಮುಟ್ಟಿಸಿಕೊಳ್ಳದಿದ್ದರೂ, ಸೊಂಟದ ಕೀಲಿನ ನೋವಿನಿಂದ ಮಲಗಿದಲ್ಲಿಂದ ಏಳದಿದ್ದರೂ, ದೀಪಾವಳಿಯ ಪಟಾಕಿಗೆ ನಡುಗಿ ಕರೆದರೂ ಬರದಿದ್ದರೂ ಅದಕ್ಕೆ ಕಾಣುವುದು ಧಿಮಾಕು ಮಾತ್ರ. ‘ದಂಡಂ ದಶಗುಣಂ’ ಎಂಬುದರ ಮೇಲೆ ವಿಜ್ಞಾನದ ಹೆಸರಿನ ಬಟ್ಟೆ ಹೊದಿಸಿದಂತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತಮ್ಮ ಚಿಕಿತ್ಸಾಲಯಕ್ಕೆ ನಡವಳಿಕೆಯ ತೊಂದರೆಯಿಂದ ಬಂದ ನಾಯಿಗಳ 140 ಒಡೆಯರನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊಡೆದವರು ಅಥವಾ ಒದ್ದವರ ಪೈಕಿ ಶೇ. 43ರಷ್ಟು ಮಂದಿಗೆ, ಅಂಗಾತ ಕೆಡವಿ ಹಿಡಿದವರ ಪೈಕಿ ಶೇ. 31ರಷ್ಟು ಮಂದಿಗೆ, ದಿಟ್ಟಿಸಿ ನೋಡಿ ಹೆದರಿಸಿದವರ ಪೈಕಿ ಶೇ. 30ರಷ್ಟು ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಚಿಕಿತ್ಸೆಗೆ ಬಂದ ನಾಯಿಗಳ ಲೆಕ್ಕ ಇದಾದ್ದರಿಂದ ಎಲ್ಲ ನಾಯಿಗಳಿಗೂ ಇದೇ ಪ್ರಮಾಣವನ್ನು ಹಿಡಿಯಬಾರದು. ಆದರೂ ಸಹಾಯ ಬೇಡಿ ಟ್ರೈನರನ್ನು ಕರೆಸುವವರ ನಾಯಿಗಳು ಬಹುಪಾಲು ಅಂಥವೇ ಅಲ್ಲವೇ? ಅಮೆರಿಕದ ಪಶುವೈದ್ಯರ ಪ್ರಾಣಿವರ್ತನಾ ಸಂಘವು 2008ರಲ್ಲಿಯೇ ಈ ಸಿದ್ಧಾಂತವನ್ನು ತರಬೇತಿಗೆ ಆಧಾರವಾಗಿಸಬಾರದೆಂದು ಹೇಳಿಕೆ ಹೊರಡಿಸಿದೆ. ಮೂರನೆಯ ಅಳತೆಯಲ್ಲಂತೂ ಮಾತೇ ಬೇಡ: ಮೂವತ್ತೈದು ಕಿಲೋ ನಾಯಿಯನ್ನು ಕೆಡವಿ ಹಿಡಿಯುವ ಕೆಲಸವನ್ನು ಎಪ್ಪತ್ತರ ಅಜ್ಜಿಗೂ ಎಂಟು ವರ್ಷದ ಮಗುವಿಗೂ ಕಲಿಸಲಾಗದು.

ಎರಡನೆಯ ಆಯ್ಕೆ: ಏಟೂ ಉಂಟು, ಬಿಸ್ಕತ್ತೂ ಉಂಟು

‘ಬ್ಯಾಲೆನ್ಸ್ಡ್’ ಎಂದು ಕರೆದುಕೊಳ್ಳುವ ಈ ಗುಂಪು ಬೆಂಗಳೂರಿನಲ್ಲಿ ದೊಡ್ಡದು. ಇವರಲ್ಲಿ ನಾಯಿಯ ಮೈಭಾಷೆಯನ್ನು ಚೆನ್ನಾಗಿ ಬಲ್ಲವರೂ ಇದ್ದಾರೆ. ಸರಿ ಮಾಡಿದಾಗ ತಿಂಡಿ, ತಪ್ಪು ಮಾಡಿದಾಗ ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನಿನ ಎಳೆತ, ಮುಳ್ಳಿನ ಕಾಲರು ಅಥವಾ ಕುತ್ತಿಗೆಗೆ ವಿದ್ಯುತ್ತಿನ ಪೆಟ್ಟು ಕೊಡುವ ಶಾಕ್ ಕಾಲರು. ಪಟ್ಟದ ಮಾತನ್ನು ಇವರು ಎಲ್ಲರೂ ಆಡುವುದಿಲ್ಲ. ಆದ್ದರಿಂದ ಮೊದಲ ಗುಂಪಿನ ಜೊತೆ ಇವರನ್ನು ಒಂದೇ ಹಗ್ಗಕ್ಕೆ ಕಟ್ಟುವುದು ನ್ಯಾಯವಲ್ಲ.

ಇವರು ಮುಂದಿಡುವ ಮುಖ್ಯ ವಾದ, ಸ್ಕೂಟರಿನ ಹಿಂದೆ ಓಡುವ ನಾಯಿ ಬಿಸ್ಕತ್ತಿಗೆ ತಿರುಗಿ ನೋಡುವುದಿಲ್ಲ ಎಂಬುದು. ಇದನ್ನೇ ಪರೀಕ್ಷಿಸಿದಂತಿರುವ ಅಧ್ಯಯನವೊಂದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದರು: ಕರೆದರೆ ಬಾರದ, ಬೆನ್ನಟ್ಟುವ ಚಟದ 63 ನಾಯಿಗಳಲ್ಲಿ, ಶಾಕ್ ಕಾಲರಿನಿಂದ ಕಲಿತವು ಬಹುಮಾನದಿಂದ ಕಲಿತವುಗಳಿಗಿಂತ ಉತ್ತಮವಾಗೇನೂ ಕಲಿತಿರಲಿಲ್ಲ. ವೇಲ್ಸಿನಲ್ಲಿ ಶಾಕ್ ಕಾಲರು 2010ರಿಂದ ನಿಷಿದ್ಧ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಪ್ರಾಣಿಗೆ ಹೊಡೆದು, ಒದ್ದು ಅನಗತ್ಯ ನೋವು ಕೊಡುವುದು ಅಪರಾಧವೇ ಆದರೂ, ಮೊದಲ ತಪ್ಪಿಗೆ ಆ ಕಾಯ್ದೆ ಗೊತ್ತುಮಾಡಿದ್ದ ದಂಡ ಹತ್ತರಿಂದ ಐವತ್ತು ರೂಪಾಯಿ. ಚೋಕ್ ಚೈನಿನ ಬೆಲೆಗಿಂತಲೂ ಕಡಿಮೆ.

ಅಪಾರ್ಟ್‌ಮೆಂಟಿನ ಗೆಳೆಯ ಒಲಿದದ್ದು ಈ ಆಯ್ಕೆಗೆ, ಅಸೋಸಿಯೇಷನ್ನಿನ ಗಡುವು ಹತ್ತಿರವಿದ್ದುದರಿಂದ. ಬೇಡವೆಂದು ನಾನು ಹೇಳಲು ಕಾರಣವಿಷ್ಟು: ಲಿಫ್ಟಿನಲ್ಲಿ ಬೊಗಳುವ ನಾಯಿ ಬಹುತೇಕ ಹೆದರಿದ ನಾಯಿ. ಅಪರಿಚಿತರು ಒಳಬಂದ ಕ್ಷಣಕ್ಕೇ ಕುತ್ತಿಗೆಗೆ ನೋವಾದರೆ, ನೋವು ತಂದದ್ದು ತನ್ನ ಬೊಗಳಿಕೆ ಎಂದು ಅದು ತಿಳಿಯುತ್ತದೋ, ಆ ಅಪರಿಚಿತರು ಎಂದು ತಿಳಿಯುತ್ತದೋ ಹೇಳುವವರು ಯಾರು? ನಾಲ್ಕಡಿ ಅಗಲದ ಪೆಟ್ಟಿಗೆಯೊಳಗೆ, ನೆರೆಮನೆಯ ಮಗುವಿನ ಪಕ್ಕದಲ್ಲಿ, ಆ ಪಣ ಕಟ್ಟಲು ನನಗೆ ಧೈರ್ಯವಿಲ್ಲ.

ಮೂರನೆಯ ಆಯ್ಕೆ: ಬಹುಮಾನ ಕೊಟ್ಟು ಕಲಿಸುವವರು

ಬೇಕಾದ ನಡತೆಗೆ ಒಂದೆರಡು ಸೆಕೆಂಡಿನೊಳಗೆ ತಿಂಡಿ ಅಥವಾ ಆಟ ಕೊಡುವುದು, ಬೇಡದ ನಡತೆಗೆ ಅವಕಾಶವೇ ಸಿಗದಂತೆ ಸುತ್ತಲಿನ ಏರ್ಪಾಡನ್ನು ಬದಲಿಸುವುದು, ಹೆದರಿಸುವ ವಸ್ತುವನ್ನು ದೂರದಿಂದ ಶುರುಮಾಡಿ ಮೆಲ್ಲಗೆ ಹತ್ತಿರ ತರುವುದು, ಇಷ್ಟೇ ಇದರ ತಿರುಳು. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷೆ ಬಳಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನು ಏರಿತ್ತು. ಆ ಅಧ್ಯಯನದ ಇನ್ನೊಂದು ಭಾಗ ಇನ್ನೂ ಸ್ವಾರಸ್ಯದ್ದು. ಒಂದು ಬದಿಯಲ್ಲಿಟ್ಟ ಬಟ್ಟಲಿನಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಬದಿಯದರಲ್ಲಿ ಯಾವಾಗಲೂ ಏನೂ ಇಲ್ಲ ಎಂದು ಕಲಿಸಿ, ಆಮೇಲೆ ಬಟ್ಟಲನ್ನು ನಡುವೆ ಇಟ್ಟರು. ಶಿಕ್ಷೆ ಕಂಡ ನಾಯಿಗಳು ಅದರತ್ತ ನಿಧಾನವಾಗಿ ಹೋದವು, ಅಲ್ಲೇನೂ ಇರಲಾರದು ಎಂಬಂತೆ.

ಇದರ ದೋಷಗಳನ್ನು ಇದರ ಅಭಿಮಾನಿಗಳು ಮುಚ್ಚಿಡುತ್ತಾರೆ, ನಾನು ಮುಚ್ಚಿಡುವುದಿಲ್ಲ. ಇದು ಟ್ರೈನರಿಗಿಂತ ಹೆಚ್ಚಾಗಿ ಮನೆಯವರಿಂದ ದುಡಿಸಿಕೊಳ್ಳುವ ಪದ್ಧತಿ. ದಿನಕ್ಕೆ ಐದೈದು ನಿಮಿಷದಂತೆ ಮೂರು ಸಲವಾದರೂ ಕೂರಬೇಕು, ಹೊರವರ್ತುಲ ರಸ್ತೆಯಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರಿಗೆ ಅದೂ ದುಬಾರಿ. ತಿಂಡಿಯನ್ನು ಮೊದಲೇ ತೋರಿಸಿ ಕೆಲಸ ಮಾಡಿಸಿದರೆ ಅದು ಬಹುಮಾನವಲ್ಲ, ಲಂಚ. ತಿಂಡಿ ಕಾಣದ ದಿನ ನಾಯಿ ಮಾತು ಕೇಳುವುದಿಲ್ಲ. ದಿನದ ಊಟದಿಂದಲೇ ಅದನ್ನು ಕಳೆಯದಿದ್ದರೆ ಲ್ಯಾಬಿನಂಥ ನಾಯಿ ಆರು ತಿಂಗಳಲ್ಲಿ ದಿಂಬಾಗುತ್ತದೆ. ಏಟು ಬೇಡವೆನ್ನುವುದನ್ನೇ ಅರ್ಹತೆ ಮಾಡಿಕೊಂಡು, ಕಲಿಸುವ ಕೌಶಲವಿಲ್ಲದೆ ದೊಡ್ಡ ಮೊತ್ತ ಕೇಳುವವರೂ ಈ ಪೈಕಿ ಇದ್ದಾರೆ. ಹಾಗಿದ್ದೂ ಎರಡನೆಯ ಅಳತೆ ಇದರ ಪರವಾಗಿಯೇ ನಿಲ್ಲುತ್ತದೆ. ಕಾರಣವನ್ನು ತಪ್ಪಾಗಿ ಊಹಿಸಿದ್ದರೆ ನೀವು ಕಳೆದುಕೊಳ್ಳುವುದು ಒಂದಿಷ್ಟು ಕೋಳಿಮಾಂಸ ಮತ್ತು ಮೂರು ವಾರ. ನಾಯಿಯ ಎಚ್ಚರಿಕೆಯ ದನಿ ಹಾಗೆಯೇ ಉಳಿದಿರುತ್ತದೆ.

ಯಲಹಂಕದ ತಂಗಿಯ ಎಳೆಯುವ ಲ್ಯಾಬಿಗೆ ಇದೇ ಸಾಕು. ಹತ್ತು ತಿಂಗಳ ನಾಯಿ ಎಳೆಯುವುದು ಮುಂದಾಳುತನಕ್ಕಲ್ಲ, ಅದರ ನಡಿಗೆ ನಮ್ಮದಕ್ಕಿಂತ ಚುರುಕು, ಮುಂದಿನ ಕಂಬದ ವಾಸನೆ ಅದಕ್ಕೆ ಬೇಕು. ಎದೆಯ ಮುಂಭಾಗದಲ್ಲಿ ಕೊಂಡಿಯಿರುವ ಹಾರ್ನೆಸ್ ಹಾಕಿ, ಹಗ್ಗ ಬಿಗಿಯಾದಾಗ ನಿಂತು, ಸಡಿಲವಾದಾಗ ನಡೆದರೆ, ಟ್ರೈನರಿನ ಎರಡು ಮೂರು ಭೇಟಿಗಿಂತ ಹೆಚ್ಚು ಬೇಕಾಗುವುದಿಲ್ಲ. ಅದಕ್ಕೂ ಹಣ ಹೊಂದದಿದ್ದರೆ ಭಾನುವಾರದ ಗುಂಪು ತರಗತಿ ಅಗ್ಗ. ಆದರೆ ಬೇರೆ ನಾಯಿಗಳನ್ನು ಕಂಡರೆ ಕುದಿಯುವ ನಾಯಿಯನ್ನು ಅಲ್ಲಿಗೆ ಒಯ್ಯಬೇಡಿ.

ವಿಜಯನಗರದ ದಂಪತಿಗೂ ಇದನ್ನೇ ಹೇಳಿದೆ, ಒಂದು ಬದಲಾವಣೆಯೊಂದಿಗೆ. ಬೀದಿಯಿಂದ ಬಂದ ಮರಿಗೆ ಆಜ್ಞೆಗಳಿಗಿಂತ ಮೊದಲು ಬೇಕಾದದ್ದು ಮನುಷ್ಯರ ಮೇಲಿನ ನಂಬಿಕೆ. ಕೋಲ್ಕತ್ತದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಶೋಧಕರು ಬೀದಿನಾಯಿಗಳಲ್ಲಿ ಕಂಡಂತೆ, ಅಪರಿಚಿತರ ಮೇಲೆ ಅವು ನಂಬಿಕೆ ಬೆಳೆಸಿಕೊಳ್ಳುವುದು ತಿಂಡಿಗಿಂತ ಹೆಚ್ಚಾಗಿ ಮೈದಡವುವಿಕೆಯಿಂದ. ಹಾಗಾಗಿ ಆ ಮನೆಯಲ್ಲಿ ಮೊದಲ ತಿಂಗಳು ಟ್ರೈನರೇ ಬೇಡ. ಅದಾಗಿಯೇ ಬಂದು ಪಕ್ಕದಲ್ಲಿ ಕೂತಾಗ ಬೆನ್ನು ಸವರಿದರೆ ಸಾಕು.

ನಾಲ್ಕನೆಯ ಆಯ್ಕೆ: ತಿಂಗಳ ಮಟ್ಟಿಗೆ ಬಿಟ್ಟು ಬರುವುದು

ಕನಕಪುರ ರಸ್ತೆ, ಹೆಸರಘಟ್ಟದ ಕಡೆಯ ತೋಟಗಳಲ್ಲಿ ನಾಯಿಯನ್ನು ಇರಿಸಿಕೊಂಡು ಕಲಿಸುವವರಿದ್ದಾರೆ. ಇದು ಎಲ್ಲಕ್ಕಿಂತ ದುಬಾರಿ, ಸಮಯವಿಲ್ಲದವರಿಗೆ ಆಕರ್ಷಕ. ಒಳಗೆ ಬಳಸುವ ಪದ್ಧತಿ ಮೇಲಿನ ಮೂರರಲ್ಲಿ ಯಾವುದಾದರೂ ಆಗಿರಬಹುದು, ನೋಡಲು ನೀವಿರುವುದಿಲ್ಲ. ತೋಟದಲ್ಲಿ ಕಲಿತ ನಡತೆ ನಿಮ್ಮ ಲಿಫ್ಟಿನಲ್ಲಿ ತಾನಾಗಿ ಮೂಡುವುದೂ ಇಲ್ಲ, ಏಕೆಂದರೆ ನಾಯಿಗಳು ಪಾಠವನ್ನು ಜಾಗದ ಜೊತೆಗೇ ಕಟ್ಟಿಕೊಂಡು ಕಲಿಯುತ್ತವೆ. ಮುನ್ಸೂಚನೆಯಿಲ್ಲದೆ ಯಾವ ದಿನವಾದರೂ ಬಂದು ನೋಡಬಹುದೇ ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಬಿಡಬೇಡಿ.

ಎಲ್ಲಕ್ಕೂ ಮೊದಲು ಪಶುವೈದ್ಯರು

ಇದನ್ನು ಐದನೆಯ ಆಯ್ಕೆಯೆಂದು ಎಣಿಸದಿರಲು ಕಾರಣ, ನಡತೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಇದು ಆಯ್ಕೆಯೇ ಅಲ್ಲ, ಮೊದಲ ಹೆಜ್ಜೆ. ಖಾಸಗಿ ಚಿಕಿತ್ಸಾಲಯ ಭಾರವೆನಿಸುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹಲ್ಲು, ಕಿವಿ, ಕೀಲು, ಮೂತ್ರ ಇವಿಷ್ಟನ್ನು ನೋಡಿಸಿಕೊಂಡು ಬಂದ ಮೇಲೆ ಟ್ರೈನರಿಗೆ ಫೋನ್ ಮಾಡಿ. ಕಚ್ಚಿದ ಚರಿತ್ರೆಯಿರುವ ನಾಯಿಯಾದರೆ ವೈದ್ಯರು ಮತ್ತು ಬಹುಮಾನದ ಪದ್ಧತಿಯ ಅನುಭವಿ, ಇಬ್ಬರೂ ಒಟ್ಟಿಗೆ ಬೇಕು, ಅಲ್ಲಿಯವರೆಗೆ ಬಾಯಿಜಾಲರಿಯ ಅಭ್ಯಾಸ ಮಾಡಿಸಬೇಕು. ಅಪಾರ್ಟ್‌ಮೆಂಟಿನ ಗೆಳೆಯ ಕೊನೆಗೆ ಹಿಡಿದದ್ದು ಈ ದಾರಿಯನ್ನು. ಷೆಫರ್ಡಿನ ಸೊಂಟದ ಎಕ್ಸ್-ರೇ ತೆಗೆಸಿ, ಸದ್ಯಕ್ಕೆ ಬೆಳಗಿನ ಐದೂವರೆಗೆ, ಲಿಫ್ಟು ಖಾಲಿಯಿರುವಾಗ ಇಳಿಯುತ್ತಿದ್ದಾನೆ. ಅಸೋಸಿಯೇಷನ್ನಿಗೆ ಬರೆದು ಎರಡು ತಿಂಗಳ ಕಾಲಾವಕಾಶವನ್ನೂ ಕೇಳಿದ್ದಾನೆ.

ಫೋನಿನಲ್ಲಿ ಕೇಳಬೇಕಾದವು ಎರಡು ಪ್ರಶ್ನೆಗಳು. ನನ್ನ ನಾಯಿ ತಪ್ಪು ಮಾಡಿದಾಗ ನೀವು ಮಾಡುವುದೇನು ಎಂಬುದು ಒಂದು. ಉತ್ತರದಲ್ಲಿ ಕೈ, ಕಾಲು, ಚೈನು ಬರುತ್ತವೆಯೋ ಎಂದು ಕೇಳಿಸಿಕೊಳ್ಳಿ. ಅದು ಹೀಗೇಕೆ ಮಾಡುತ್ತಿದೆ ಎಂಬುದು ಎರಡನೆಯದು. ನಾಯಿಯ ವಯಸ್ಸು, ಊಟ, ಯಾವಾಗಿನಿಂದ ಹೀಗೆ, ವೈದ್ಯರಿಗೆ ತೋರಿಸಿದಿರಾ ಎಂದು ನಿಮ್ಮನ್ನೇ ತಿರುಗಿ ಕೇಳುವವರಿಗೆ ಮನೆಯ ವಿಳಾಸ ಕೊಡಿ. ನಾಯಿಯನ್ನು ನೋಡುವ ಮೊದಲೇ ಉತ್ತರ ಹೇಳಿದವರಿಗೆ ವಂದನೆ ಹೇಳಿ ಫೋನಿಡಿ.